ಹೂವು ಕೇಳಿ ಆರಿಸಿದ ಸಿ.ಡಿ.

ನಮ್ಮ ಮನೆಯಲ್ಲಿ ಈ ಕಥೆಯನ್ನು ಹೇಳುವುದು ಹೀಗೆ. ತೊಡೆ ಮುರಿದು ಹಾಸಿಗೆ ಹಿಡಿದಿದ್ದ ಹುಡುಗಿ ಮನೆಯಲ್ಲೇ ಓದಿ ಹತ್ತನೇ ತರಗತಿ ಕಟ್ಟಬೇಕಾಯಿತು. ಅವಳಿಗೆ ಯಾವ ಸಿ.ಡಿ. ಕೊಡಿಸಬೇಕೆಂದು ಗೊತ್ತಾಗದೆ ದೊಡ್ಡವರೆಲ್ಲ ಒದ್ದಾಡುತ್ತಿದ್ದಾಗ ಮನೆದೇವರು ಬಲಗಡೆ ಹೂವು ಕೊಟ್ಟಳು. ಆ ದೇವರಮ್ಮ ಆರಿಸಿದ ಸಿ.ಡಿ.ಯಿಂದ ಹುಡುಗಿಗೆ ಇಂಗ್ಲಿಷ್ ಬಂತು, ಇಂಗ್ಲಿಷಿನಿಂದ ಮೇಡಮ್ ಕೆಲಸ ಬಂತು. ಇಷ್ಟು ಹೇಳಿ, ಹೇಳಿದವರು ನನ್ನ ಕಡೆ ಕೈ ತೋರಿಸಿ ಒಗ್ಗರಣೆ ಹಾಕುತ್ತಾರೆ: ‘ಹೂವ ಅಂಟಿಸಿದ್ದು ಇವಳೇ ಕಣ್ರಿ. ದೇವ್ರೇ ಇಲ್ಲ ಅಂತಿದ್ದೋಳ ಕೈಯಾಗೆ ಮಾಡಿಸ್ತು ನೋಡ್ರಿ ಅಮ್ಮ!’

ಈ ಕಥೆಗೆ ನನ್ನ ಆಕ್ಷೇಪ ಒಂದೇ. ದೇವರು ಇದ್ದಾಳೋ ಇಲ್ಲವೋ ಎನ್ನುವ ವಾದ ಇನ್ನೊಂದು ದಿನಕ್ಕಿರಲಿ. ಅದನ್ನು ನಾನು ಯಾವ ಕಡೆಯಿಂದ ಬೇಕಾದರೂ ಮಾಡಬಲ್ಲೆ. ಆದರೆ ಆ ದಿನ ಆ ಸಿ.ಡಿ.ಯನ್ನು ಆರಿಸಿದ್ದು ಅವಳಲ್ಲ. ನಾನು. ಹುಡುಗಿಗೆ ಒಳ್ಳೆಯದಾಗಲಿ ಅಂತ ಆರಿಸಲೂ ಇಲ್ಲ.

ಆ ಹುಡುಗಿ ನನ್ನ ದೊಡ್ಡಪ್ಪನ ಮಗಳು. ನನಗಿಂತ ಎರಡೇ ತಿಂಗಳು ದೊಡ್ಡವಳು. ದೊಡ್ಡಪ್ಪ ಹೊಳಲ್ಕೆರೆಯಲ್ಲಿ ಲೈನ್‌ಮನ್. ಅಜ್ಜಿ ಅವರ ಜೊತೆಗಿದ್ದಳು. ನಾವು ದುರ್ಗದಲ್ಲಿದ್ದೆವು. ಇಬ್ಬರೂ ಒಂದೇ ವರ್ಷ ಶಾಲೆಗೆ ಸೇರಿದವರು, ಇಬ್ಬರೂ ಕನ್ನಡ ಮಾಧ್ಯಮ. ನಮ್ಮಿಬ್ಬರ ನಡುವೆ ಬುದ್ಧಿಯನ್ನು ಪಾಲು ಮಾಡಿದವಳು ಅಜ್ಜಿ. ‘ಮಾತು ನಿಂದು, ಲೆಕ್ಕ ಅವಳ್ದು’ ಅಂತ ಚಿಕ್ಕಂದಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದಳು. ನಾನು ಚರ್ಚಾಸ್ಪರ್ಧೆಗಳಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ ಮಾತಾಡಿ ಗೆದ್ದು ಬರುತ್ತಿದ್ದೆ. ಅವಳು ಒಂದು ಮೂಲೆಯಲ್ಲಿ ಕೂತು, ಕೈಬೆರಳು ಮಡಿಸದೆ, ತುಟಿ ಅಲ್ಲಾಡಿಸದೆ ಲೆಕ್ಕ ಮುಗಿಸಿ ‘ಆಯ್ತು’ ಅನ್ನುತ್ತಿದ್ದಳು. ಆ ‘ಆಯ್ತು’ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಗೆಲ್ಲಬೇಕಾದರೆ ತೀರ್ಪುಗಾರರು ಬೇಕು, ಎದುರಾಳಿ ಬೇಕು, ಗಂಟೆ ಬೇಕು, ಚಪ್ಪಾಳೆ ಬೇಕು. ಅವಳಿಗೆ ಪುಸ್ತಕದ ಕೊನೆಯ ಪುಟದ ಉತ್ತರ ಒಂದು ಸಾಕು.

ಒಂಬತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ಅವಳು ದಿಬ್ಬಣದ ಟ್ರ್ಯಾಕ್ಟರಿನಿಂದ ಬಿದ್ದು ಬಲ ತೊಡೆಯ ಮೂಳೆ ಮುರಿಯಿತು. ರಾಡ್ ಹಾಕಿದರು, ಕೂಡಲಿಲ್ಲ. ತೆಗೆದು ಮತ್ತೆ ಹಾಕಿದರು. ವರ್ಷವಿಡೀ ಕಾಲಿನ ಮೇಲೆ ಭಾರ ಬಿಡುವ ಹಾಗಿಲ್ಲ ಅಂದರು. ಶಾಲೆಗೆ ಹಾಜರಿ ಬೇಕು; ಅವಳಿಗೆ ಬಾಗಿಲು ದಾಟುವುದೇ ಕಷ್ಟ. ಕಡೆಗೆ ಮನೆಯಲ್ಲೇ ಓದಿ ಪ್ರೈವೇಟಾಗಿ ಪರೀಕ್ಷೆ ಕಟ್ಟಲಿ ಅಂತಾಯಿತು. ಮನೆಪಾಠಕ್ಕೆ ಬಂದ ಮೇಷ್ಟ್ರು, ಮಲಗಿದ ಹುಡುಗಿಗೆ ಪಾಠ ಹೇಳುವುದು ರೋಗಿಗೆ ಭಾಗವತ ಓದಿದ ಹಾಗಾಗುತ್ತದೆ ಅಂತ ಎರಡನೇ ವಾರಕ್ಕೇ ತಪ್ಪಿಸಿಕೊಂಡರು. ಆಗ ದೊಡ್ಡಪ್ಪನ ಆಫೀಸಿನ ಇಂಜಿನಿಯರೊಬ್ಬರು, ‘ಈಗ ಕಂಪ್ಯೂಟರಿನಾಗೇ ಹೈಸ್ಕೂಲು ಪಾಠ ಬಂದೈತೆ ಕಣಯ್ಯ, ಗಣಿತ, ವಿಜ್ಞಾನ, ಸಮಾಜ ಎಲ್ಲಾ ಸಿ.ಡಿ.ಯಾಗೆ’ ಅಂತ ಹೇಳಿದರಂತೆ. ಲೈನ್‌ಮನ್ ಮನೆಗೆ ಕಂಪ್ಯೂಟರ್ ಬಂದದ್ದು ಹಾಗೆ.

ಅದು ಬಂದ ದಿನವನ್ನು ನಾನು ಮರೆಯುವ ಹಾಗೇ ಇಲ್ಲ. ಅವತ್ತು ಹಿರಿಯೂರಿನಲ್ಲಿ ಅಂತರ ಶಾಲಾ ಚರ್ಚಾಸ್ಪರ್ಧೆಯಿತ್ತು. ಮೊದಲ ಬಹುಮಾನ. ಇಷ್ಟಗಲದ ಮರದ ಶೀಲ್ಡು, ನಡುವೆ ಹಿತ್ತಾಳೆ ತಗಡು. ಮನೆಗೂ ಹೋಗದೆ ದುರ್ಗದ ಬಸ್‌ಸ್ಟ್ಯಾಂಡಿನಲ್ಲೇ ಬಸ್ಸು ಬದಲಿಸಿ, ಅಜ್ಜಿಗೆ ತೋರಿಸಬೇಕೆಂದು ಶೀಲ್ಡನ್ನು ಎದೆಗವುಚಿಕೊಂಡು ಹೊಳಲ್ಕೆರೆಗೆ ಹೋದೆ. ಅಂಗಳದ ತುಂಬ ಚಪ್ಪಲಿ. ನನ್ನ ಸುದ್ದಿ ಇಷ್ಟು ಬೇಗ ಮುಟ್ಟಿತೇ ಅಂತ ಒಂದು ಗಳಿಗೆ ನಿಜವಾಗಿಯೂ ಅಂದುಕೊಂಡೆ. ಒಳಗೆ ಹೋದರೆ ಓಣಿಯ ಜನವೆಲ್ಲ ನನಗೆ ಬೆನ್ನು ಹಾಕಿ ನಿಂತಿದ್ದರು. ಅವಳ ಹಾಸಿಗೆಗೆ ಅಡ್ಡಲಾಗಿ ಬಡಗಿಯಿಂದ ಮಾಡಿಸಿದ ಮೇಜು, ಮೇಲೆ ಕಂಪ್ಯೂಟರ್. ಪರದೆಯ ಬೆಳಕು ಅವಳ ಮುಖದ ಮೇಲೆ.

ನಮ್ಮ ಶಾಲೆಯಲ್ಲೂ ಕಂಪ್ಯೂಟರ್ ಇದ್ದವು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಶನಿವಾರಕ್ಕೊಮ್ಮೆ, ಒಂದೊಂದರ ಮುಂದೆ ಐದೈದು ಜನ. ನನ್ನ ಸರದಿ ಬರುವಷ್ಟರಲ್ಲಿ ಮೇಡಮ್ ಬಟ್ಟೆ ಮುಚ್ಚುತ್ತಿದ್ದರು. ಇಲ್ಲಿ ಇವಳು ದಿಂಬಿಗೊರಗಿ, ಕೂದಲೂ ಬಾಚದೆ, ಒಬ್ಬಳೇ! ಒಂದು ಕಾಲಿಗೆ ಒಂದು ಕಂಪ್ಯೂಟರ್ ಅನ್ನುವುದಾದರೆ ನನಗೂ ಎರಡು ಕಾಲಿವೆಯಲ್ಲ ಅಂತ ಯೋಚಿಸಿದೆ. ತಮಾಷೆಗೆ ಬರೆಯುತ್ತಿಲ್ಲ. ಹಾಗೇ ಯೋಚಿಸಿದೆ.

‘ಯಾಕೋ ಇಲಿ ಓಡ್ತಾ ಇಲ್ಲ ದೊಡ್ಡಪ್ಪೋ,’ ಅಂದ ಪಕ್ಕದ ಮನೆಯವನು. ಮೌಸನ್ನು ಕಂಬಳಿಯ ಮೇಲೆ ಉಜ್ಜುತ್ತಿದ್ದರು; ಅದರ ಹೊಟ್ಟೆಯೊಳಗಿನ ಗುಂಡು ತಿರುಗುತ್ತಿರಲಿಲ್ಲ. ಮೇಜಿನ ಮೇಲೆ ಇಡೋಣವೆಂದರೆ ಅವಳ ಕೈ ಅಲ್ಲಿಗೆ ಎಟುಕುತ್ತಿರಲಿಲ್ಲ. ‘ಗಟ್ಟಿ ಹಲಗೆ ಇದ್ರೆ ಕೊಡ್ರಿ ಯಾರಾದ್ರೂ,’ ಅಂದರು ದೊಡ್ಡಪ್ಪ. ಅಜ್ಜಿಗೆ ಕಣ್ಣು ಮಂಜು. ನನ್ನ ಎದೆಯ ಮೇಲಿದ್ದದ್ದನ್ನು ಮುಟ್ಟಿ ನೋಡಿ, ‘ಇದೇನವ್ವ, ಹಲಗೆ ತಂದಿದೀಯ? ಒಳ್ಳೇದಾತು ತಾ,’ ಅಂತ ಕಿತ್ತು ಕೊಟ್ಟೇಬಿಟ್ಟಳು. ತಗಡಿರುವ ಮುಖವನ್ನು ಕಂಬಳಿಗೆ ಮಾಡಿ, ಹಿಂಬದಿಯ ನುಣುಪು ಮರದ ಮೇಲೆ ಮೌಸಿಟ್ಟರು. ಓಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಶೀಲ್ಡಿಗೆ ಬಿದ್ದ ಎರಡನೇ ಚಪ್ಪಾಳೆ ಅದು.

ಅವಳಿಗೊಬ್ಬಳಿಗೇ ಗೊತ್ತಾಯಿತು. ‘ಲೇ, ಇದು ನೀನು ಗೆದ್ದಿದ್ದಲ್ವೇನೆ? ತಗಳೇ, ಬೇರೆ ಏನಾದ್ರೂ ಇಟ್ಕತೀನಿ.’

‘ಇರ್ಲಿ ಬಿಡೇ. ನಿಂಗೇ ಉಪಯೋಗ ಆಗ್ಲಿ,’ ಅಂದೆ. ಸ್ಪರ್ಧೆಯ ಕೊನೆಯಲ್ಲಿ ಎದುರಾಳಿಯ ಕೈ ಕುಲುಕುವಾಗ ನಗುತ್ತೇವಲ್ಲ, ಆ ನಗೆ ನಕ್ಕೆ.

ಸಿ.ಡಿ. ಮಾರುವವನು ಬಂದದ್ದು ಮುಂದಿನ ಭಾನುವಾರ. ಎಣ್ಣೆ ಹಾಕಿ ತಲೆ ಬಾಚಿದ, ಕಂಕುಳಲ್ಲಿ ರೆಕ್ಸಿನ್ ಚೀಲದ ಮನುಷ್ಯ. ಎರಡು ಡಬ್ಬಿ ಮುಂದಿಟ್ಟ. ಒಂದರ ಮೇಲೆ ಕರಿ ಟೋಪಿ, ಕರಿ ನಿಲುವಂಗಿ ತೊಟ್ಟ ಬಿಳಿ ಮಕ್ಕಳು ನಗುತ್ತಿದ್ದರು; ಪಾಠವೆಲ್ಲ ಇಂಗ್ಲಿಷ್, ದಿಲ್ಲಿಯ ಸಿಲಬಸ್ಸು, ಪಾಠ ಹೇಳುವುದು ಚಕ್ರದ ಮೇಲೆ ಓಡಾಡುವ ಒಂದು ರೋಬೋ. ಇನ್ನೊಂದರ ಡಬ್ಬಿ ಔಷಧಿ ಅಂಗಡಿಯ ರಟ್ಟಿನ ಹಾಗಿತ್ತು. ನಮ್ಮದೇ ರಾಜ್ಯದ ಸಿಲಬಸ್ಸು, ಕನ್ನಡ. ರಿಟೈರಾದ ಇಬ್ಬರು ಮೇಷ್ಟ್ರು ಸೇರಿ ಮಾಡಿಸಿದ್ದಂತೆ.

‘ಎರಡೂ ಚೆನ್ನಾಗವೆ ಸಾರ್. ಒಂದು ವಾರ ಇಟ್ಕಂಡು ನೋಡ್ರಿ. ನಾಳೆ ಬಿಟ್ಟು ಆಚೆ ಸೋಮವಾರ ಬತ್ತೀನಿ, ಒಂದು ಇಟ್ಕಳ್ರಿ, ಒಂದು ಕೊಡ್ರಿ,’ ಅಂದ ಅವನು.

ಎರಡನ್ನೂ ಕೊಳ್ಳುವ ಮಾತೇ ಇರಲಿಲ್ಲ. ದೊಡ್ಡಪ್ಪ ನನ್ನತ್ತ ತಿರುಗಿದರು. ‘ನೀನು ನಾಕು ಊರು ನೋಡಿರೋಳು. ನೋಡಿ ಹೇಳವ್ವ, ಯಾವುದಿಟ್ಕಳಾಣ?’ ಅವಳ ಇಡೀ ವರ್ಷವನ್ನು ನನ್ನ ಕೈಯಲ್ಲಿಟ್ಟ ಮಾತು ಅದು. ನನಗೆ ಆಗ ಅದು ನಾನು ಮೊದಲೇ ಗಳಿಸಿದ್ದ ಮರ್ಯಾದೆಯ ಹಾಗೆ ಕಂಡಿತು.

ಮೊದಲು ಕನ್ನಡದ್ದನ್ನು ಹಾಕಿದೆವು. ಬಣ್ಣವಿಲ್ಲ, ಸಂಗೀತವಿಲ್ಲ. ಕಪ್ಪು ಹಲಗೆ, ಒಂದು ಕೈ, ಸೀಮೆಸುಣ್ಣದ ಕಿರಿಚು. ಮುಖ ಕಾಣದ ಮೇಷ್ಟ್ರ ಧ್ವನಿ, ನಮ್ಮ ಕಡೆಯದೇ. ವೃತ್ತಕ್ಕೆ ಹೊರಗಿನ ಬಿಂದುವಿನಿಂದ ಸ್ಪರ್ಶಕ ಎಳೆಯುವ ಪಾಠ. ಆ ರಚನೆಯನ್ನು ನಮ್ಮ ಶಾಲೆಯಲ್ಲಿ ಎರಡು ವಾರ ಬರೆಸಿದ್ದರು. ನಾನು ಯಾಕೆ ಅಂತ ಗೊತ್ತಿಲ್ಲದೆ ಹೆಜ್ಜೆ ಬಾಯಿಪಾಠ ಮಾಡಿದ್ದೆ. ಆ ಕೈ ನಿಧಾನವಾಗಿ ಕೇಂದ್ರವನ್ನೂ ಬಿಂದುವನ್ನೂ ಸೇರಿಸಿತು, ಮಧ್ಯ ಹುಡುಕಿತು, ಅಲ್ಲಿಂದ ಇನ್ನೊಂದು ವೃತ್ತ ಸುತ್ತಿತು. ‘ಅರ್ಧವೃತ್ತದೊಳಗೆ ಕುಂತ ಕೋನ ಲಂಬವಾಗೇ ಇರಬೇಕು. ಅದಕ್ಕೆ ಬೇರೆ ದಾರಿ ಇಲ್ಲ. ಹಂಗಾಗಿ ಈ ಗೆರೆ ವೃತ್ತವನ್ನ ಮುಟ್ಟಿ ಹೋಗ್ತದೆ, ಒಳಗೆ ಹೋಗಲ್ಲ. ಏನಪ್ಪ, ಗೊತ್ತಾಯ್ತಾ? ಗೊತ್ತಾಗದಿದ್ರೆ ಹಿಂದಕ್ಕೆ ಹೋಗಾಣ.’ ಕೆಳಗೆ ‘ಮತ್ತೊಮ್ಮೆ’ ಅಂತ ಒಂದು ಗುಂಡಿ.

‘ಇಷ್ಟೇನಾ?’ ಅಂತ ನನ್ನ ಬಾಯಿಂದ ಬಂದುಬಿಟ್ಟಿತು.

ನಮ್ಮ ತರಗತಿಯಲ್ಲಿ ಎರಡನೇ ಸಲ ಕೇಳಿದರೆ ‘ಕಿವಿ ಎಲ್ಲಿಟ್ಟಿದ್ದೆ?’ ಅನ್ನುವ ಮೇಷ್ಟ್ರಿದ್ದರು. ಇವಳ ಮೇಷ್ಟ್ರು ನೂರು ಸಲ ಒತ್ತಿದರೆ ನೂರು ಸಲ, ಅದೇ ತಾಳ್ಮೆಯಲ್ಲಿ, ‘ಹಿಂದಕ್ಕೆ ಹೋಗಾಣ’ ಅನ್ನುತ್ತಿದ್ದರು. ನಾನು ಪಕ್ಕಕ್ಕೆ ನೋಡಿದೆ. ಪರದೆಯ ಮೇಲೆ ಇಟ್ಟ ಕಣ್ಣು ತೆಗೆಯದೆ ಅವಳು ನಗುತ್ತಿದ್ದಳು, ಬಹಳ ದಿನದ ಮೇಲೆ ಸಿಕ್ಕಿದ ನೆಂಟರನ್ನು ನೋಡಿದ ಹಾಗೆ. ನನ್ನಂಥವಳಿಗೇ ಅರ್ಧ ಗಂಟೆಯಲ್ಲಿ ಗೊತ್ತಾದದ್ದು ಇವಳ ಕೈಗೆ ವರ್ಷವಿಡೀ ಸಿಕ್ಕರೆ? ಮಲಗಿದಲ್ಲೇ ಇಡೀ ತಾಲ್ಲೂಕನ್ನು ಹಿಂದೆ ಹಾಕುತ್ತಾಳೆ. ಕಾಲು ಮುರಿದವಳು ಅಂತ ಊರೆಲ್ಲ ಅದನ್ನು ಇಮ್ಮಡಿ ಮಾಡಿ ಹೇಳುತ್ತದೆ. ನಾನು ಎರಡು ಕಾಲಿನಲ್ಲಿ ನಡೆದು ಹೋಗಿ, ಎರಡು ಕಾಲಿನಲ್ಲಿ ನಡೆದು ಬಂದವಳು. ನನ್ನನ್ನು ಯಾರು ಕೇಳುತ್ತಾರೆ?

ಇಂಗ್ಲಿಷಿನದ್ದನ್ನು ಕಾಲು ಗಂಟೆ ನೋಡಿದೆ. ಕರೆಂಟು ಹೋಯಿತು. ‘ಲೈನ್‌ಮನ್ ಮನೇಲೇ ಕರೆಂಟಿಲ್ಲ ನೋಡ್ರಪ್ಪ’ ಅಂತ ಓಣಿಯವರು ದಿನವೂ ಮಾಡುವ ತಮಾಷೆ ಮಾಡಿದರು. ನಾನು ಆ ಕತ್ತಲಲ್ಲಿ ಎದ್ದು ನಿಂತು ತೀರ್ಪು ಹೇಳಿದೆ:

‘ಇಂಗ್ಲಿಷಿನದ್ದೇ ಇರ್ಲಿ ದೊಡ್ಡಪ್ಪ.’

ಮೂರು ಕಾರಣ ಕೊಟ್ಟೆ. ಪಿ.ಯು.ಸಿ.ಗೆ ಹೋದರೆ ಗಣಿತ, ವಿಜ್ಞಾನ ಎಲ್ಲ ಇಂಗ್ಲಿಷೇ. ಆಗ ತಡಬಡಾಯಿಸುವ ಬದಲು ಈಗಲೇ ಶುರುವಾಗಲಿ. ದಿಲ್ಲಿಯ ಸಿಲಬಸ್ಸು ನಮ್ಮದಕ್ಕಿಂತ ಆಳ. ಮಲಗಿರುವವಳಿಗೆ ಬಣ್ಣ, ಸಂಗೀತ ಇದ್ದರೆ ಮನಸ್ಸಿಗೂ ಹಗುರ. ಮೂರೂ ಸುಳ್ಳಲ್ಲ. ನಮಗೆ ಚರ್ಚೆ ಕಲಿಸಿದ ಮೇಷ್ಟ್ರು ಹೇಳುತ್ತಿದ್ದುದು ಅದೇ: ಸುಳ್ಳು ಹೇಳಿದವನು ಸಿಕ್ಕಿಬೀಳುತ್ತಾನೆ, ಬೇಕಾದ ನಿಜವನ್ನಷ್ಟೇ ಹೇಳಿದವನು ಗೆಲ್ಲುತ್ತಾನೆ.

ಅವಳು ಮೊದಲ ಸಲ ನನಗೆ ಎದುರು ವಾದ ಮಾಡಿದಳು. ‘ನಾನು ಪರೀಕ್ಷೆ ಬರೆಯೋದು ಕನ್ನಡದಾಗೆ ಕಣೇ. ಓದೋದೊಂದು ಭಾಷೆ, ಬರೆಯೋದೊಂದು ಭಾಷೆ ಆದ್ರೆ ಹೆಂಗೆ? ಪಾಠನೂ ಬೇರೆ ಬೇರೆ ಅವೆ.’

‘ಭಯನಾ? ಲೆಕ್ಕಕ್ಕೆ ಯಾವ ಭಾಷೆ ಲೇ? ನೀನೇ ಹೇಳ್ತಿದ್ದೆಯಲ್ಲ, ಲೆಕ್ಕಕ್ಕೆ ಬಾಯಿ ಬೇಕಾಗಿಲ್ಲ ಅಂತ.’

ಅವಳದೇ ಮಾತನ್ನು ಅವಳ ಮೇಲೆ ತಿರುಗಿಸಿದ್ದೆ. ಸಭೆಯಾಗಿದ್ದರೆ ಅಲ್ಲಿ ಗಂಟೆ ಹೊಡೆಯುತ್ತಿದ್ದರು. ಆದರೆ ದೊಡ್ಡಮ್ಮ ಅಡುಗೆಮನೆಯಿಂದಲೇ, ‘ಕನ್ನಡದ್ದೇ ಇರ್ಲಿ ಬಿಡ್ರಿ, ಮಗೀಗೆ ಅದೇ ಹಿಡಿಸೈತೆ,’ ಅಂದರು. ದೊಡ್ಡಪ್ಪ ಒಮ್ಮೆ ಇತ್ತ, ಒಮ್ಮೆ ಅತ್ತ. ವಾರವಿಡೀ ಹಾಗೇ ನಡೆಯಿತಂತೆ. ಮುಂದಿನ ಭಾನುವಾರ ನಾನು ಮತ್ತೆ ಹೋದಾಗಲೂ ತೀರ್ಮಾನವಾಗಿರಲಿಲ್ಲ. ಕೊನೆಗೆ ಅಜ್ಜಿ ಗೋಡೆಗೆ ಒರಗಿದ್ದವಳು ಕಾಲು ನೀಡಿ, ‘ಬಾಯಿ ಬಡ್ಕಂಡು ಏನ್ ಮಾಡ್ತೀರ? ನಾಳೆ ಸೋಮಾರ. ಅಮ್ಮನ್ನೇ ಹೂವು ಕೇಳಾಣ,’ ಅಂದಳು.

ಹೂವು ಕೇಳುವುದೆಂದರೆ ನಮ್ಮ ಕಡೆ ಮನೆಮನೆಗೂ ಗೊತ್ತು. ದೇವರ ಕಲ್ಲಿನ ಬಲಕ್ಕೊಂದು ಎಡಕ್ಕೊಂದು ಹೂವಿನ ಎಸಳನ್ನು ನೀರಲ್ಲಿ ಅದ್ದಿ ಅಂಟಿಸಿ, ಮನಸ್ಸಿನಲ್ಲಿರುವುದನ್ನು ಹೇಳಿಕೊಂಡು ಕೂರುವುದು. ಯಾವ ಕಡೆಯದು ಮೊದಲು ಉದುರುತ್ತದೋ ಅದು ಅಪ್ಪಣೆ. ಸಂಬಂಧ ಕೂಡಿಸುವುದಕ್ಕೆ, ಬೋರ್‌ವೆಲ್ ತೋಡಿಸುವುದಕ್ಕೆ, ಎತ್ತು ಮಾರುವುದಕ್ಕೆ ಹೂವು ಕೇಳಿದ್ದನ್ನು ನಾನೂ ಕಂಡಿದ್ದೆ. ಸಿ.ಡಿ.ಗೆ ಕೇಳಿದ್ದು ಮಾತ್ರ ಜಿಲ್ಲೆಗೇ ಮೊದಲಿರಬೇಕು.

‘ಕಲ್ಲಿಗೆ ಕಂಪ್ಯೂಟರ್ ಬರುತ್ತಾ ಅಜ್ಜಿ?’ ಅಂದೆ.

‘ನಿನ್ ಬಾಯಿಗೆ ಮಣ್ಣು ಹಾಕ! ನಿಂಗೆ ಬರೋದಾದ್ರೆ ಅವಳಿಗೆ ಬರಲ್ವ?’

ಸೋಮವಾರ ಬೆಳಿಗ್ಗೆ ಎರಡು ಡಬ್ಬಿಯನ್ನೂ ದೇವರ ಮುಂದೆ ಮಣೆಯ ಮೇಲೆ ಇಟ್ಟರು. ಅಜ್ಜಿ ಸಿ.ಡಿ.ಗೇ ಕುಂಕುಮ ಹಚ್ಚಲು ಹೋದಳು. ‘ತಟ್ಟೆಗೆ ಹಚ್ಚಬ್ಯಾಡ, ಆಮೇಲೆ ಓದಲ್ಲ ಅದು, ಡಬ್ಬಿಗೆ ಹಚ್ಚು,’ ಅಂತ ದೊಡ್ಡಪ್ಪ ತಡೆದರು. ಹೀಗೆ ಟೋಪಿ ತೊಟ್ಟ ಬಿಳಿ ಮಕ್ಕಳ ಹಣೆಗೆಲ್ಲ ಕುಂಕುಮ ಬಿತ್ತು. ಎಸಳು ಅಂಟಿಸುವುದು ಯಾವಾಗಲೂ ದೊಡ್ಡಮ್ಮನ ಕೆಲಸ. ಅವತ್ತು ಅವರು ಹೊರಗಾಗಿದ್ದರು, ದೇವರ ಕೋಣೆಗೆ ಬರುವಂತಿರಲಿಲ್ಲ. ಅಜ್ಜಿಗೆ ಕೈ ನಡುಕ. ಕಾಲು ಮುರಿದವಳನ್ನು ಕುರ್ಚಿಯಲ್ಲಿ ಎತ್ತಿ ತಂದು ಹೊಸಿಲ ಹೊರಗೆ ಕೂರಿಸಿದ್ದರು, ಕಾಲು ಮುಂದಿನ ಸ್ಟೂಲಿನ ಮೇಲೆ.

‘ನೀನೇ ಅಂಟಿಸವ್ವ. ನಂಬಾಕೆ ನಿಂಗೆ ಇಲ್ದಿದ್ರೂ ಕೈ ಗಟ್ಟಿ ಐತೆ,’ ಅಂದಳು ಅಜ್ಜಿ.

ಚರ್ಚೆಯಲ್ಲಿ ವಿಷಯದ ಒಕ್ಕಣೆಯನ್ನು ಕಟ್ಟಿದವರು ಅರ್ಧ ಗೆದ್ದ ಹಾಗೆ. ‘ಬಲಕ್ಕೆ ಕೊಟ್ರೆ ಇಂಗ್ಲಿಷ್, ಎಡಕ್ಕೆ ಕೊಟ್ರೆ ಕನ್ನಡ. ಸರಿನಾ?’ ಅಂದೆ. ಎಲ್ಲರೂ ಸರಿ ಅಂದರು. ಸೇವಂತಿಗೆಯ ಎರಡು ಎಸಳು ಕಿತ್ತುಕೊಂಡೆ. ಎಡಗಡೆಯದನ್ನು ಎಡಗೈಯಲ್ಲೇ ಚೆಂಬಿನಲ್ಲಿ ಮುಳುಗಿಸಿ, ನೀರು ಸೋರುವಂತೆ, ಕಲ್ಲಿಗೆ ಒತ್ತಿ ಹಿಡಿದೆ. ಗಂಧದ ಬಟ್ಟಲನ್ನು ಮುಟ್ಟಿದ ಬೆರಳಿನಿಂದ ಇನ್ನೊಮ್ಮೆ ಸವರಿದೆ. ಬಲಗಡೆಯದಕ್ಕೆ ನೀರು ತಾಗಿಸಿದ ಹಾಗೆ ಮಾಡಿ, ಲಂಗಕ್ಕೆ ಒರೆಸಿ, ಕಲ್ಲಿನ ಒರಟಿಗೆ ಸುಮ್ಮನೆ ಸಿಕ್ಕಿಸಿದೆ. ಅಜ್ಜಿಯ ಮಂಜುಗಣ್ಣಿಗೆ ನನ್ನ ಬೆನ್ನಷ್ಟೇ ಕಾಣುತ್ತಿತ್ತು. ದೊಡ್ಡಪ್ಪ ಕಣ್ಣು ಮುಚ್ಚಿದ್ದರು.

ದೇವರಿಲ್ಲ ಅಂತ ವಾದಿಸುವವರು ದೇವರ ಮುಂದೆ ಮೋಸ ಮಾಡುವುದರಲ್ಲಿ ತಪ್ಪೇನಿಲ್ಲ ಎಂಬ ತರ್ಕ ನನ್ನಲ್ಲಿ ಸಿದ್ಧವಾಗಿತ್ತು. ಆದರೂ ಎಸಳು ಸಿಕ್ಕಿಸಿ ಆದ ಮೇಲೆ ಕಲ್ಲಿಗೆ ಕೈ ಮುಗಿದೆ. ಅದಕ್ಕೆ ಮಾತ್ರ ತರ್ಕ ಸಿಗಲಿಲ್ಲ.

ಅಜ್ಜಿ ಕರ್ಪೂರ ಹಚ್ಚುವ ಮುಂಚೆಯೇ ಬಲಗಡೆಯದು ಉದುರಿತು. ‘ಅಬ್ಬಬ್ಬ! ನನ್ನ ಮದುವೆಗೆ ಕೇಳಿದಾಗ ಮಧ್ಯಾಹ್ನದ ಗಂಟ ಕುಂಡ್ರಿಸಿದ್ಲು. ಇಷ್ಟು ಬೇಗ ಯಾವತ್ತೂ ಕೊಟ್ಟಿರ್ಲಿಲ್ಲ ತಾಯಿ!’ ಅಂತ ಅಜ್ಜಿ ಕೆನ್ನೆ ಬಡಿದುಕೊಂಡಳು. ದೊಡ್ಡಪ್ಪ ಅಡ್ಡಬಿದ್ದರು. ನಾನು ತಿರುಗಿ ಹೊಸಿಲ ಕಡೆ ನೋಡಿದೆ. ಅವಳು ಬಿದ್ದ ಎಸಳನ್ನು ನೋಡುತ್ತಿರಲಿಲ್ಲ. ನನ್ನ ಎಡಗೈ ನೋಡುತ್ತಿದ್ದಳು.

‘ನಿನ್ ಕೈ ಒದ್ದೆ ಐತೆ ಕಣೇ,’ ಅಂದಳು. ‘ಒರೆಸ್ಕ.’

ಅಷ್ಟೇ.

ಆವತ್ತೇ ಬಂದ ಮಾರುವವನು ಕನ್ನಡದ ಡಬ್ಬಿಯನ್ನು ವಾಪಸು ತೆಗೆದುಕೊಂಡ. ಡಬ್ಬಿಯ ಜೊತೆ ಮೇಲಿಂದ ಕೊಟ್ಟಿದ್ದ ಒಂದು ಸ್ಯಾಂಪಲ್ ಸಿ.ಡಿ. ಇತ್ತು, ರೇಖಾಗಣಿತದ ನಾಲ್ಕು ಪಾಠದ್ದು. ‘ಬೇಕಾದ್ರೆ ಇಟ್ಕ ತಾಯಿ, ಸ್ನೇಹಿತರಿಗೆ ತೋರ್ಸು,’ ಅಂತ ಬಾಗಿಲಲ್ಲಿ ನನ್ನ ಕೈಗಿತ್ತ. ಅದನ್ನು ಒಳಗೆ ಅವಳಿಗೆ ಕೊಟ್ಟಿದ್ದರೆ ಆಗುತ್ತಿತ್ತು. ನಾಲ್ಕೇ ಪಾಠವಾದರೂ ಅವಳ ಪಾಲಿಗೆ ಸಿಗುತ್ತಿತ್ತು. ನಾನು ಚರ್ಚೆಯ ಟಿಪ್ಪಣಿಗಳ ಫೈಲಿನೊಳಗೆ ಇಟ್ಟುಕೊಂಡು ದುರ್ಗದ ಬಸ್ಸು ಹತ್ತಿದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವಳ ಹತ್ತಿರ ಆ ಸಿ.ಡಿ. ಇತ್ತು, ಕಂಪ್ಯೂಟರ್ ಇದ್ದವಳ ಹತ್ತಿರ ಇರಲಿಲ್ಲ. ಆಗ ಅದೇ ನನಗೆ ಸಮಬಲ ಅನ್ನಿಸಿತ್ತು. ಆಮೇಲೆ ದುರ್ಗದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ, ಚಂದ್ರವಳ್ಳಿ ಕೆರೆಯ ಕಡೆ ತಿರುಗಾಡಲು ಹೋಗುತ್ತೇನೆಂದು ಗೆಳತಿಯರ ಹೆಸರು ಹೇಳಿ ಮನೆಯಿಂದ ಹೊರಟು, ಆ ನಾಲ್ಕು ಪಾಠವನ್ನು ಎಷ್ಟು ಸಲ ನೋಡಿದೆನೋ. ‘ಹಿಂದಕ್ಕೆ ಹೋಗಾಣ’ ಅನ್ನುವ ಧ್ವನಿ ನನಗೊಬ್ಬಳಿಗೇ ಹೇಳುತ್ತಿದೆ ಅಂತ ಖುಷಿಪಟ್ಟೆ.

ಹೊಳಲ್ಕೆರೆಯಲ್ಲಿ ಅವಳು ಹೊಟ್ಟೆಯ ಮೇಲೆ ಡಿಕ್ಷನರಿ ಇಟ್ಟುಕೊಂಡು, ನನ್ನ ಶೀಲ್ಡಿನ ಮೇಲೆ ಮೌಸಿಟ್ಟುಕೊಂಡು, ರೋಬೋ ಹೇಳಿದ್ದನ್ನು ಒಂದೊಂದೇ ಪದ ಬರೆದುಕೊಳ್ಳುತ್ತಿದ್ದಳು. ಪದಗಳನ್ನು ಕನ್ನಡಕ್ಕೆ ತಿರುಗಿಸುವಷ್ಟರಲ್ಲಿ ಲೆಕ್ಕ ತಣ್ಣಗಾಗುತ್ತಿತ್ತು. ನಮ್ಮ ಪುಸ್ತಕದಲ್ಲಿದ್ದ ಅರ್ಧ ಪಾಠ ಆ ಸಿ.ಡಿ.ಯಲ್ಲಿ ಇರಲೇ ಇಲ್ಲ. ದಸರಾ ರಜೆಯಲ್ಲಿ ಹೋದಾಗ ಅವಳ ಲೆಕ್ಕದ ನೋಟ್‌ಬುಕ್ ನೋಡಿದೆ. ಹೊಡೆದು ಹಾಕಿದ ಗೆರೆಗಳೇ ಜಾಸ್ತಿ. ಅವಳ ಕೈಬರಹದಲ್ಲಿ ಹೊಡೆದು ಹಾಕಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಖುಷಿಯಾಗಬೇಕಿತ್ತು. ಆಯಿತು ಕೂಡ, ಸ್ವಲ್ಪ ಹೊತ್ತು.

‘ಆ ಮನುಷ್ಯನಿಗೆ ಹೇಳಿ ಬದಲಾಯಿಸಾಣ. ಕನ್ನಡದ್ದೇ ತಂದ್ಬಿಡಾಣ,’ ಅಂದರು ದೊಡ್ಡಪ್ಪ ಅವತ್ತು ಊಟಕ್ಕೆ ಕೂತಾಗ.

ಅಜ್ಜಿ ಕೈಯೆತ್ತಿದಳು. ‘ಅಮ್ಮ ಕೊಟ್ಟಿದ್ದನ್ನ ಅಂಗಡಿ ಸೀರೆ ಬದಲಾಯಿಸ್ದಂಗೆ ಬದಲಾಯಿಸ್ತೀಯ? ಆ ಕಾಲು ಕೂಡೋದು ಬ್ಯಾಡ್ವ ಹಂಗಾದ್ರೆ?’

‘ಇನ್ನೊಂದ್ಸಲ ಕೇಳಾಣ ಅತ್ತೆ,’ ಅಂದರು ದೊಡ್ಡಮ್ಮ ಮೆಲ್ಲಗೆ.

‘ಒಂದೇ ಮಾತ್ನ ಎರಡ್ಸಲ ಕೇಳಂಗಿಲ್ಲ. ಅಮ್ಮನ್ನೇ ಪರೀಕ್ಷೆ ಮಾಡ್ದಂಗೆ ಆಗ್ತೈತೆ.’

ಕಾಲಿನ ಮಾತು ಬಂದ ಮೇಲೆ ದೊಡ್ಡಪ್ಪ ಬದಲಾಯಿಸುವ ಯೋಚನೆ ಬಿಟ್ಟರು. ಇದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ವಾದದಲ್ಲಿ ಗೆದ್ದಿದ್ದರೆ ನಾಳೆ ಇನ್ನೊಂದು ವಾದ ಅದನ್ನು ಬೀಳಿಸಬಹುದಿತ್ತು. ನನ್ನ ತೀರ್ಪನ್ನು ದೇವರ ಬಾಯಿಗೆ ಹಾಕಿದ್ದರಿಂದ ಅದನ್ನು ಬೀಳಿಸುವ ವಾದವೇ ಮನೆಯಲ್ಲಿ ಉಳಿಯಲಿಲ್ಲ. ನಾನು ಬಾಯಿ ಬಿಟ್ಟರೆ ಮಾತ್ರ. ಅಡುಗೆಮನೆಯಿಂದ ನೀರು ತರುವ ನೆಪದಲ್ಲಿ ಎದ್ದು ಹೋಗಿ, ಹೇಗೆ ಹೇಳಬೇಕೆಂದು ಮನಸ್ಸಿನಲ್ಲಿ ಒಂದು, ಎರಡು, ಮೂರು ಅಂತ ಸಾಲು ಹಾಕಿಕೊಂಡೆ. ವಾಪಸು ಬಂದು ಎಲ್ಲರ ಲೋಟಕ್ಕೂ ನೀರು ಬಡಿಸಿ ಕೂತೆ. ಪರ, ವಿರೋಧ ಎರಡನ್ನೂ ಮಾತಾಡಬಲ್ಲವಳಿಗೆ ತನ್ನ ವಿರುದ್ಧ ಒಂದೇ ಒಂದು ವಾಕ್ಯ ಹೊರಡಲಿಲ್ಲ.

ಅವಳು ತಟ್ಟೆಯಲ್ಲೇ ಕಣ್ಣಿಟ್ಟು ಮುದ್ದೆ ಮುರಿಯುತ್ತಿದ್ದಳು. ‘ಇರ್ಲಿ ಬಿಡಪ್ಪ. ಅಭ್ಯಾಸ ಆಗ್ತೈತೆ,’ ಅಂದಳು.

ಫಲಿತಾಂಶ ಬಂತು. ಗಣಿತದಲ್ಲಿ ನನಗೆ ನಾನೇ ನಂಬದಷ್ಟು ಅಂಕ. ರೇಖಾಗಣಿತದ ಒಂದು ಅಂಕವೂ ತಪ್ಪಿರಲಾರದು. ಅವಳು ಗಣಿತದಲ್ಲಿ ಗಡಿ ದಾಟಿದ್ದಳು, ಅಷ್ಟೇ. ‘ಮಲಗಿಕೊಂಡೇ ಪಾಸಾದಳು’ ಅಂತ ಊರು ಹೊಗಳಿತು. ಲೆಕ್ಕ ಅವಳದು ಅನ್ನುವುದನ್ನು ಮನೆಯವರೆಲ್ಲ ಮರೆತೇಬಿಟ್ಟಿದ್ದರು. ಸರಿ, ನಾನು ಗೆದ್ದೆ ಅಂದುಕೊಂಡೆ. ಆಮೇಲೆ ಅವಳ ಅಂಕಪಟ್ಟಿಯ ಇಂಗ್ಲಿಷಿನ ಸಾಲು ನೋಡಿದೆ. ನನಗಿಂತ ಇಪ್ಪತ್ತೆರಡು ಹೆಚ್ಚು.

ಅಸೂಯೆಗೆ ಇಂಥ ಶಿಕ್ಷೆಯೂ ಇದೆಯೆಂದು ಯಾರೂ ಹೇಳಿರಲಿಲ್ಲ. ಅವಳ ದಾರಿಗೆ ನಾನು ಹಾಕಿದ ಮುಳ್ಳೇ ಅವಳಿಗೆ ಬೇಲಿಯಾಗಿ ಹೂ ಬಿಟ್ಟಿತ್ತು. ಪಿ.ಯು.ಸಿ.ಗೆ ಅವಳು ವಿಜ್ಞಾನ ತೆಗೆದುಕೊಳ್ಳಲಿಲ್ಲ. ಆ ಗಣಿತದ ಅಂಕಕ್ಕೆ ಯಾರು ಕೊಡುತ್ತಾರೆ? ಕಲೆ ಓದಿದಳು, ಇಂಗ್ಲಿಷ್ ಮುಖ್ಯವಾಗಿ ಬಿ.ಎ., ಆಮೇಲೆ ಬಿ.ಎಡ್. ಈಗ ಹೊಸದುರ್ಗ ತಾಲ್ಲೂಕಿನಲ್ಲಿ, ಮತ್ತೋಡಿನ ಕಡೆ, ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಮ್. ಅವಳ ತರಗತಿಯ ಮಕ್ಕಳು ಇಂಗ್ಲಿಷಿನಲ್ಲೇ ಜಗಳ ಆಡುತ್ತಾರಂತೆ. ನಾನು ಇನ್ನೂ ಕೆಲಸಕ್ಕೆ ಅರ್ಜಿ ಹಾಕುತ್ತಲೇ ಇದ್ದೇನೆ. ಅದೂ ಅವಳಿಗೆ ಸಿಕ್ಕಿತಲ್ಲ ಅಂತ ಹೊಟ್ಟೆ ಉರಿಯುವಾಗ, ಅವಳಿಂದ ಕಿತ್ತುಕೊಂಡದ್ದು ಏನೆಂಬುದು ಮರೆತುಹೋಗುತ್ತದೆ. ಮನೆಯವರ ಕಥೆ ನನಗೂ ಅನುಕೂಲವಾಗಿತ್ತು ಅನ್ನುವುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಒಳ್ಳೆಯದೇ ಆಯಿತಲ್ಲ, ಇನ್ನೇನು?

ಹೋದ ತಿಂಗಳು ಅವಳ ಮನೆಗೆ ಹೋಗಿದ್ದೆ. ‘ಬಾರವ್ವ ಭಾಷಣಗಾರ್ತಿ, ಕುಂತ್ಕ,’ ಅಂತ ಕುಂಟುತ್ತಲೇ ಬಂದು ಚೀಲ ತೆಗೆದುಕೊಂಡಳು. ಬಲಗಾಲು ಸ್ವಲ್ಪ ಗಿಡ್ಡವಾಗಿಯೇ ಉಳಿದಿದೆ. ಟಿ.ವಿ. ಮೇಲೆ ನನ್ನ ಶೀಲ್ಡು ನಿಂತಿತ್ತು. ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ಬೆಳಗಿಸಿದ್ದಳು. ಮೇಜಿನ ಮೇಲೆ ಹತ್ತನೇ ತರಗತಿಯ ಗಣಿತದ ಪುಸ್ತಕ, ಯಾರೋ ಮಕ್ಕಳ ಜಾಮಿಟ್ರಿ ಬಾಕ್ಸು.

‘ಲೆಕ್ಕದ ಮೇಷ್ಟ್ರು ರಜ ಹಾಕವ್ರೆ. ಒಂದು ವಾರ ನೀವೇ ನೋಡ್ಕಳ್ರಿ ಮೇಡಂ ಅಂತ ನನ್ನ ತಲೆಗೆ ಕಟ್ಟವ್ರೆ,’ ಅಂದಳು. ‘ಈ ಸ್ಪರ್ಶಕ ಎಳೆಯೋದು ನೋಡು, ಹೆಜ್ಜೆ ಬರ್ತಾವೆ, ಯಾಕೆ ಅನ್ನೋದು ಹೊಳೀತಿಲ್ಲ. ಮಕ್ಕಳು ಯಾಕೆ ಅಂದ್ರೆ ಏನ್ ಹೇಳ್ಲಿ? ನಿಂಗೆ ಚೆನ್ನಾಗಿ ಬರ್ತಿತ್ತಲ್ಲ, ಹೇಳೇ.’

ಕೈವಾರ ತೆಗೆದುಕೊಂಡೆ. ವೃತ್ತ ಹಾಕಿದೆ, ಹೊರಗೊಂದು ಬಿಂದು ಇಟ್ಟೆ. ಕೇಂದ್ರಕ್ಕೆ ಗೆರೆ ಸೇರಿಸಿ, ಮಧ್ಯ ಹುಡುಕಿ, ಅಲ್ಲಿಂದ ಇನ್ನೊಂದು ವೃತ್ತ ಸುತ್ತಿದೆ. ಅರ್ಧವೃತ್ತದೊಳಗೆ ಕುಂತ ಕೋನ ಲಂಬವಾಗೇ ಇರಬೇಕು, ಅದಕ್ಕೆ ಬೇರೆ ದಾರಿ ಇಲ್ಲ ಅಂದೆ. ಆ ಮೇಷ್ಟ್ರ ಧಾಟಿಯಲ್ಲೇ ಹೇಳುತ್ತಿದ್ದೇನೆ ಅಂತ ಅರ್ಧಕ್ಕೆ ಬಂದ ಮೇಲೆ ನನಗೆ ಗೊತ್ತಾಯಿತು. ನಿಲ್ಲಿಸಲು ಆಗಲಿಲ್ಲ.

ಅವಳು ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಬೆರಳಿನಿಂದ ಗೆರೆಯನ್ನು ಮುಟ್ಟುತ್ತ, ವೃತ್ತಕ್ಕೆ ತಾಗುವ ಜಾಗದಲ್ಲಿ ನಿಂತಳು. ಆ ದಿನ ಪರದೆ ನೋಡಿ ನಕ್ಕ ಹಾಗೆಯೇ ನಗು ಬಂತು ಅವಳ ಮುಖಕ್ಕೆ.

‘ಇಷ್ಟೇನಾ?’ ಅಂದಳು.

ಆಮೇಲೆ ಬೇರೆ ಹಾಳೆ ತೆಗೆದುಕೊಂಡು, ಮೊದಲಿನ ಹಾಗೆ ತುಟಿ ಅಲ್ಲಾಡಿಸದೆ, ಇನ್ನೊಂದು, ಮತ್ತೊಂದು ಅಂತ ತಾನೇ ಬರೆಯತೊಡಗಿದಳು. ಒಂದು ಕಡೆಯೂ ಹೊಡೆದು ಹಾಕಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿದ್ದೂ ಅವಳಿಗೆ ತಿಳಿಯಲಿಲ್ಲ. ನಾನೇ ಎದ್ದು ಇಳಿಸಿ ಬಂದೆ. ಆಗಲೂ ಹೇಳುವುದನ್ನು ಹೇಳಲಿಲ್ಲ. ಹೇಳುವ ಬದಲು, ಚರ್ಚೆಯಲ್ಲಿ ಕಲಿತ ಬುದ್ಧಿಯಲ್ಲಿ, ಕೇಳಿದೆ. ಅವಳು ತಲೆ ಎತ್ತಲಿಲ್ಲ. ಪೆನ್ಸಿಲ್ ಮಾತ್ರ ವೃತ್ತದ ಅರ್ಧದಲ್ಲಿ ನಿಂತಿತು. ನಾನು ಕೇಳಿದ್ದು ಇಷ್ಟೇ:

‘ಲೇ, ಅವತ್ತು ದೇವರ ಕೋಣೆ ಬಾಗಿಲಲ್ಲಿ ನನ್ನ ಕೈ ಒದ್ದೆ ಐತೆ ಅಂದ್ಯಲ್ಲ, ನಾನು ಮಾಡಿದ್ದನ್ನೆಲ್ಲ ನೋಡಿದ್ದೇನೇ ನೀನು?’